ಶುಭ ಶುಕ್ರವಾರಕ್ಕೆ ಕಾದ ಮಾತು

ಎತೆಲ್ವಿನಾಳ ಕೈ ನಡುವೆಯೇ ನಿಂತುಬಿಟ್ಟಿತು. ಅಂಗಿ ಬಿಚ್ಚಿ ಬೆನ್ನು ತೋರಿಸಿ ಕುರ್ಚಿಯ ಮೇಲೆ ಕೂತಿದ್ದ ಲಾರಿ ಚಾಲಕ ಅಲುಗಾಡಲಿಲ್ಲ. ಮಸಿ, ಮಂತ್ರದಿಂದ ಸರ್ಪಸುತ್ತನ್ನು ಇಳಿಸಿಕೊಳ್ಳುವಾಗ, ಅಂದರೆ ಅಲ್ಲಿಯವರು ಹೇಳುವಂತೆ ಗೆಲ್ಲಿಸಿಕೊಳ್ಳುವಾಗ, ಉಸಿರು ಬಿಗಿಹಿಡಿದು ಕೂರಬೇಕೆಂಬುದು ಸಾಲ್ತೊ ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಅವನ ಸೊಂಟದ ಬಲಮಗ್ಗುಲಲ್ಲಿ ಕೆಂಪು ಬೊಕ್ಕೆಗಳು ಪಟ್ಟಿಯಾಗಿ ಎದ್ದಿದ್ದವು. ಅವುಗಳ ಸುತ್ತ ಕಪ್ಪು ಮಸಿಯ ಪುಟ್ಟ ಶಿಲುಬೆಗಳು ಬೇಲಿಯ ಗೂಟಗಳಂತೆ ಸಾಲಾಗಿ ಬಂದು, ಹಾವಿನ ತಲೆ ಎಂದು ಕರೆಯುವ ತುದಿಯ ಹತ್ತಿರ ನಿಂತಿದ್ದವು. ಮುಂದಿನ ಶಿಲುಬೆ ಬೀಳಲಿಲ್ಲ. ನಿಬ್ಬಿನಿಂದ ಒಂದು ಹನಿ ಮಸಿ ಜಾರಿ, ಬೆನ್ನಿನ ಗುಂಟ ಇಳಿದು, ಅವನ ಪ್ಯಾಂಟಿನ ಅಂಚಿಗೆ ಇಂಗಿತು. ಎತೆಲ್ವಿನಾಳ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. ಅವು ಯಾವಾಗಲೂ ಹಾಗೆಯೇ; ಆ ಮಾತುಗಳನ್ನು ಯಾರೂ ಕೇಳಿಸಿಕೊಳ್ಳಬಾರದು. ಆದರೆ ಇಂದು ತುಟಿಗಳು ಸ್ವಲ್ಪ ದೂರ ಹೋಗಿ ನಿಲ್ಲುತ್ತಿದ್ದವು, ಮತ್ತೆ ಮೊದಲಿನಿಂದ ಶುರುವಾಗುತ್ತಿದ್ದವು, ಮತ್ತೆ ಅಲ್ಲೇ ಬಂದು ನಿಲ್ಲುತ್ತಿದ್ದವು...

"ಆಯ್ತಾ ದೋನ್ಯಾ?" ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವಂತೆ ಕರೆದು ಚಾಲಕ ಕೇಳಿದ. "ಉಸಿರು ಬಿಡ್ಲಾ?"

"ಬಿಡು ಬಿಡು. ಸತ್ತುಗಿತ್ತು ಹೋದೀಯ," ಎಂದಳು ಎತೆಲ್ವಿನಾ. ದನಿಯಲ್ಲಿ ಹಳೆಯ ಗತ್ತು ಇತ್ತು. ಆದರೆ ಅವಳು ಎದ್ದು, ಮೂಲೆಯ ಮೇಜಿನ ಮೇಲಿದ್ದ ಡಬ್ಬಿಗಳ ಮುಚ್ಚಳವನ್ನು ಒಂದೊಂದಾಗಿ ತೆಗೆದು ಒಳಗೆ ಇಣುಕಿ ನೋಡತೊಡಗಿದಳು. ಕಳೆದುಹೋದ ಸಾಲು ಸಕ್ಕರೆ ಡಬ್ಬಿಯಲ್ಲಿ ಸಿಕ್ಕೀತೇನೋ ಎಂಬಂತೆ.

ಬಾಗಿಲಲ್ಲಿ ನಿಂತಿದ್ದ ಸುಲ್ಮಾ ಇದನ್ನೆಲ್ಲ ನೋಡಿದಳು. ಎತೆಲ್ವಿನಾಳ ಮಗ ವಿಲ್ಮಾರ್‌ನ ಹೆಂಡತಿ ಅವಳು. ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕುವ ಕೆಲಸ ಮುಗಿಸಿ, ಬಿಳಿ ಕೋಟನ್ನೂ ಬಿಚ್ಚದೆ ಮನೆಗೆ ಬಂದಿದ್ದಳು. ಅತ್ತೆ ಕೊನೆಗೆ ಹೇಗೋ ಎರಡು ಶಿಲುಬೆ ಗೀಚಿ "ಹೋಗು, ಗೆದ್ದಾಯ್ತು" ಎಂದಾಗ, ಸುಲ್ಮಾ ಗೇಟಿನವರೆಗೂ ಚಾಲಕನ ಹಿಂದೆ ಹೋದಳು.

"ಬೊಕ್ಕೆ ಎದ್ದು ಎಷ್ಟು ದಿನ ಆಯ್ತು?"

"ನಿನ್ನೆ."

"ಹಾಗಾದ್ರೆ ಈಗಲೇ ಕೇಂದ್ರಕ್ಕೆ ಹೋಗಿ. ಮೂರು ದಿನದ ಒಳಗೆ ಮಾತ್ರೆ ಶುರು ಮಾಡಿದ್ರೆ ಕೆಲಸ ಮಾಡುತ್ತೆ. ತಡ ಆದ್ರೆ ಉರಿ ತಿಂಗಳುಗಟ್ಟಲೆ ಉಳ್ಕೊಳ್ಳುತ್ತೆ."

ಚಾಲಕ ಅವಳ ಕೋಟನ್ನು ಮೇಲಿಂದ ಕೆಳಗೆ ನೋಡಿ ನಕ್ಕ. "ದೋನ್ಯಾ ಎತೆಲ್ವಿನಾ ಗೆದ್ದ ಮೇಲೆ ಮಾತ್ರೆ ಯಾಕಮ್ಮ? ನಿಮ್ಮ ಅಂಗಡಿಗೆ ಗಿರಾಕಿ ಕಮ್ಮೀನಾ?" ಎಂದು ಲಾರಿ ಹತ್ತಿದ.

ಸುಲ್ಮಾಳಿಗೆ ಇದು ಹೊಸದಲ್ಲ. ಮದುವೆಯಾಗಿ ಈ ಮನೆಗೆ ಬಂದಂದಿನಿಂದ, ಒಂದೇ ಸೂರಿನಡಿ ಒಬ್ಬಳು ಮಸಿಯಿಂದ ಗೆಲ್ಲುತ್ತಿದ್ದಳು, ಇನ್ನೊಬ್ಬಳು ಸೂಜಿ ಚುಚ್ಚುತ್ತಿದ್ದಳು. ಊರಿನವರು ಮೊದಲನೆಯವಳ ಬಳಿ ತಾವಾಗಿ ಬರುತ್ತಿದ್ದರು. ಎರಡನೆಯವಳು ಊರಿನವರ ಬಾಗಿಲಿಗೆ ಹೋಗಿ ಬೇಡಬೇಕಿತ್ತು. ಎತೆಲ್ವಿನಾ ಸೊಸೆಯನ್ನು ಹೆಸರು ಹಿಡಿದು ಕರೆದದ್ದು ಅಪರೂಪ. "ಸೂಜಿ ಬಂದ್ಲಾ? ಸೂಜಿಗೆ ಊಟ ಇಟ್ಟಿದೀನಿ ಅಂತ ಹೇಳು," ಎಂದು ಮಗನಿಗೆ ಹೇಳುತ್ತಿದ್ದಳು, ಸೊಸೆ ಎದುರಿಗೇ ನಿಂತಿದ್ದರೂ.

ಎಲ್ಲಕ್ಕೂ ಮೊದಲಾದದ್ದು ಹಿಂದಿನ ಚಳಿಗಾಲದಲ್ಲಿ. ಆ ದಕ್ಷಿಣದ ನಾಡಿನಲ್ಲಿ ಚಳಿ ಕೊರೆಯುವ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಎತೆಲ್ವಿನಾಳ ಹಣೆಯ ಎಡಭಾಗದಲ್ಲಿ, ಹುಬ್ಬಿನ ಮೇಲೆ, ಉರಿ ಶುರುವಾಯಿತು. ಮರುದಿನ ನಾಲ್ಕಾರು ಬೊಕ್ಕೆ ಎದ್ದವು. ಕೆಲಸಕ್ಕೆ ಹೊರಟಿದ್ದ ಸುಲ್ಮಾ ನೋಡಿ, "ಅತ್ತೆ, ಇದು ಸರ್ಪಸುತ್ತು. ಕಣ್ಣಿನ ಹತ್ತಿರ ಇದೆ, ಬನ್ನಿ ನನ್ನ ಜೊತೆ," ಎಂದಿದ್ದಳು. ಎತೆಲ್ವಿನಾ ಗಹಗಹಿಸಿ ನಕ್ಕಿದ್ದಳು. ಸಾವಿರ ಹಾವು ಗೆದ್ದವಳಿಗೆ ಹಾವು ಯಾವುದೆಂದು ಈ ಸೂಜಿ ಹೇಳಿಕೊಡಬೇಕೆ? ಹಾವು ಸುತ್ತುವುದು ಸೊಂಟಕ್ಕೆ, ಎದೆಗೆ. ತಲೆಯೂ ಬಾಲವೂ ಸೇರಿದರೆ ಮನುಷ್ಯ ಉಳಿಯುವುದಿಲ್ಲ, ಅದಕ್ಕೇ ಅದಕ್ಕೆ ಹೆದರಬೇಕು. ಹಣೆಯ ಮೇಲೆ ನಾಲ್ಕು ಬೊಕ್ಕೆ ಎದ್ದರೆ ಅದು ಸುತ್ತುವುದಾದರೂ ಯಾವುದನ್ನು? ಜೇಡ ಉಚ್ಚೆ ಹೊಯ್ದಿದೆ, ಅಷ್ಟೇ. ಆ ಊರಿನ ಯಾವ ಹೆಂಗಸನ್ನು ಕೇಳಿದ್ದರೂ ಇದೇ ಉತ್ತರ ಬರುತ್ತಿತ್ತು. ಬಸ್ಸಿಗೆ ತಡವಾಗುತ್ತಿತ್ತು, ಸುಲ್ಮಾ ಇನ್ನೊಮ್ಮೆ ಹೇಳಲಿಲ್ಲ.

ಬೊಕ್ಕೆಗಳು ರೆಪ್ಪೆಗೂ ಮೂಗಿನ ತುದಿಗೂ ಇಳಿದಾಗ ಎತೆಲ್ವಿನಾಳಿಗೆ ಒಳಗೊಳಗೇ ಗೊತ್ತಾಯಿತು. ಆದರೆ ಗೆಲ್ಲುವವಳು ತನ್ನ ಮೈಮೇಲಿನ ಹಾವನ್ನು ತಾನೇ ಗೆಲ್ಲಲಾರಳು, ಅದು ನಿಯಮ. ಅವಳು ಮಗಳು ನಿಲ್ದಾಳಿಗೆ ಹೇಳಿ ಕಳಿಸಿದಳು. ಎರಡು ಬೀದಿ ಆಚೆ ಮನೆ ಮಾಡಿಕೊಂಡಿದ್ದ ನಿಲ್ದಾ ಓಡಿ ಬಂದು, ತಾಯಿ ಹೇಳಿದಂತೆ ಮುಖದ ಅರ್ಧಭಾಗಕ್ಕೆ ಮಸಿ ಬಳಿದಳು. ಮಾತುಗಳು ಅವಳಿಗೆ ಗೊತ್ತಿರಲಿಲ್ಲ, ಬರಿಯ ಮಸಿ. ಬೊಕ್ಕೆ ಎಲ್ಲಿ, ಕೆಂಪು ಎಲ್ಲಿ, ಕಣ್ಣಿನ ಬಿಳಿ ಎಷ್ಟು ಕೆಂಪಾಗಿದೆ, ಒಂದೂ ಕಾಣದಂತೆ ಮುಚ್ಚಿಹೋಯಿತು. ಕಣ್ಣು ತೆರೆಯಲಾಗದೆ ಎತೆಲ್ವಿನಾ ಒರಲತೊಡಗಿದ ಮೇಲೆ ವಿಲ್ಮಾರ್ ತಾಯಿಯನ್ನು ಎತ್ತಿಕೊಂಡೇ ಕೇಂದ್ರಕ್ಕೆ ಹೋದ. ಅಷ್ಟರಲ್ಲಿ ಮಾತ್ರೆ ಕೆಲಸ ಮಾಡುವ ದಿನಗಳು ಕಳೆದುಹೋಗಿದ್ದವು. ಕಣ್ಣು ಉಳಿಯಿತು, ಮಂಜಾಗಿ. ಉರಿ ಹಣೆಯಲ್ಲೇ ಮನೆ ಮಾಡಿತು.

ಅದಕ್ಕೆ ಎರಡು ವಾರ ಮೊದಲು ಸುಲ್ಮಾ ಅತ್ತೆಗೆ ಚಳಿಗಾಲದ ಫ್ಲೂ ಲಸಿಕೆ ಹಾಕಿದ್ದಳು. ನಿಲ್ದಾಳಿಗೆ ಅಷ್ಟು ಸಾಕಾಯಿತು.

"ಮಲಗಿದ್ದ ಹಾವಿಗೆ ಚುಚ್ಚಿ ಎಬ್ಬಿಸಿದ್ದು ಯಾರು ಅಂತ ಕೇಳಿ," ಎಂದು ಅಂಗಡಿಯಲ್ಲಿ, ಇಗರ್ಜಿಯಲ್ಲಿ, ಬಸ್ ನಿಲ್ದಾಣದಲ್ಲಿ ಹೇಳುತ್ತ ಬಂದಳು. "ನಮ್ಮನೆ ನರ್ಸಮ್ಮನ ಕೇಳಿ."

ವಿಲ್ಮಾರ್ ಕಿತ್ತಳೆ ಹಣ್ಣು ವಿಂಗಡಿಸುವ ಶೆಡ್ಡಿನಲ್ಲಿ ಮೇಸ್ತ್ರಿ. ಒಳ್ಳೆಯವನು, ಆದರೆ ತಂಗಿಯ ಬಾಯಿಗೂ ತಾಯಿಯ ಕಣ್ಣೀರಿಗೂ ನಡುವೆ ಹೆಂಡತಿಗಾಗಿ ಒಂದು ಮಾತನ್ನೂ ಹುಡುಕಿಕೊಳ್ಳಲಾರದವನು. ಮತೆ ಎಂಬ ಕಹಿ ಸೊಪ್ಪಿನ ಚಹಾದ ಬುರುಡೆ ಹಿಡಿದು, ಬಿಸಿನೀರು ಸುರಿದುಕೊಂಡು, ಲೋಹದ ನಳಿಕೆಯಿಂದ ಹೀರುತ್ತ ಹಿತ್ತಲಲ್ಲಿ ಕೂರುತ್ತಿದ್ದ. ಸುಲ್ಮಾ ಅವನ ಮೌನವನ್ನೂ ನುಂಗಿಕೊಂಡಳು.

ಆದರೆ ಲಾರಿ ಚಾಲಕನ ಬೆನ್ನಿನ ಮೇಲೆ ಕೈ ನಿಂತ ಆ ದಿನದಿಂದ ಮನೆಯಲ್ಲಿ ಯಾರಿಗೂ ಒಂದು ಕಡೆ ಕೂರಲಾಗಲಿಲ್ಲ. ಎತೆಲ್ವಿನಾ ಬೆಳಗಾದರೆ ಅಂಗಳದಲ್ಲಿ ಶತಪಥ ಹಾಕುತ್ತಿದ್ದಳು, ತುಟಿ ಅಲುಗಿಸುತ್ತ. ಗೋಡೆಯ ತನಕ ಹೋಗಿ, ಅಲ್ಲಿ ಮಾತು ತಪ್ಪಿ, ತಿರುಗಿ ಬರುತ್ತಿದ್ದಳು. ಊಟದ ನಡುವೆ ಥಟ್ಟನೆ ಎದ್ದು ಹೋಗುತ್ತಿದ್ದಳು. ಒಮ್ಮೆ ನದಿಯ ದಂಡೆಯವರೆಗೂ ನಡೆದುಹೋಗಿ, ಮೀನು ಹಿಡಿಯುವವರನ್ನು "ನಮ್ಮನೆ ಯಾವ ಕಡೆ?" ಎಂದು ಕೇಳಿದಳು; ಅವಳಿಂದ ಹಾವು ಗೆಲ್ಲಿಸಿಕೊಂಡಿದ್ದವನೊಬ್ಬ ಕೈಹಿಡಿದು ಕರೆತಂದ. ಮನೆಗೆ ಬಂದವಳು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಕೇಳಿದಳು: "ಶುಭ ಶುಕ್ರವಾರ ಬಂತಾ?"

ಅದೇ ಅವಳ ಪ್ರಾಣಸಂಕಟ. ಗೆಲ್ಲುವ ಮಾತುಗಳನ್ನು ಇನ್ನೊಬ್ಬರಿಗೆ ದಾಟಿಸಬಹುದಾದದ್ದು ವರ್ಷದಲ್ಲಿ ಒಂದೇ ದಿನ, ಶುಭ ಶುಕ್ರವಾರ, ಸೂರ್ಯ ನೆತ್ತಿಗೆ ಬರುವ ಮುಂಚೆ, ಬಾಯಿಂದ ಕಿವಿಗೆ. ಒಬ್ಬರಿಗೆ ಮಾತ್ರ. ಬೇರೆ ದಿನ ಬಾಯಿಬಿಟ್ಟರೆ ಮಾತು ಸಾಯುತ್ತದೆ. ಅವಳಿಗೆ ಅದು ಸೋದರತ್ತೆಯಿಂದ ಬಂದದ್ದು, ಆ ಸೋದರತ್ತೆಗೆ ಯಾರಿಂದಲೋ. ಅಷ್ಟು ಬಾಯಿ ದಾಟಿ ಬಂದದ್ದು ತನ್ನ ಬಾಯಲ್ಲಿ ಬಂದು ಸತ್ತರೆ... ಆ ಯೋಚನೆಯೇ ಅವಳನ್ನು ಅಂಗಳದಲ್ಲಿ ಓಡಾಡಿಸುತ್ತಿತ್ತು.

"ಅಮ್ಮಾ, ಫೋನಿನಲ್ಲಿ ಹೇಳಿಬಿಡು. ರೆಕಾರ್ಡ್ ಮಾಡಿಟ್ಕೊಳ್ಳೋಣ," ಎಂದ ವಿಲ್ಮಾರ್ ಒಂದು ಸಂಜೆ.

"ಫೋನಿಗೆ ಕಿವಿ ಇದೆಯೇನೋ ಪೆದ್ದ? ಫೋನು ಹಾವು ಗೆಲ್ಲುತ್ತೇನೋ?"

"ಬರೆದಾದ್ರೂ..."

"ನಿಮ್ಮಪ್ಪನೂ ಹೀಗೇ. ಇಸ್ಪೀಟಾಟದಲ್ಲಿ ಎಲೆ ತೋರಿಸಿ ಆಮೇಲೆ ಪಣ ಕಟ್ತಿದ್ದ. ಬಿಡು, ನನ್ನ ತಲೆ ಚೆನ್ನಾಗೇ ಇದೆ," ಎಂದವಳು ತುಸು ಹೊತ್ತು ಬಿಟ್ಟು, ಮೆಲ್ಲಗೆ ಕೇಳಿದಳು: "ನಿಮ್ಮಪ್ಪ ಶೆಡ್ಡಿಂದ ಬಂದ್ನಾ?" ವಿಲ್ಮಾರ್‌ನ ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

ಮಾರ್ಚಿನಲ್ಲಿ ತಲೆಯ ಸ್ಕ್ಯಾನ್ ಆಯಿತು. ಕೇಂದ್ರದ ಡಾಕ್ಟರ್ ಬೆಂತಾಂಕೋರ್ ಚಿತ್ರವನ್ನು ಬೆಳಕಿಗೆ ಹಿಡಿದು ವಿಲ್ಮಾರ್, ನಿಲ್ದಾ, ಸುಲ್ಮಾ ಮೂವರಿಗೂ ತೋರಿಸಿದರು. ಐವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ತಿಳಿಯದ್ದನ್ನು ತಿಳಿದಂತೆ ಹೇಳುವ ಅಭ್ಯಾಸ ಅವರಿಗಿರಲಿಲ್ಲ.

"ಇಲ್ಲಿ, ಇಲ್ಲಿ, ಇಲ್ಲಿ. ಸಣ್ಣ ಸಣ್ಣ ಪಾರ್ಶ್ವವಾಯು ಆಗಿ ಹೋಗಿದೆ. ಕೈಕಾಲು ಬೀಳಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ."

"ಇವಳು ಚುಚ್ಚಿದ ಸೂಜಿಯಿಂದ ಅಲ್ವಾ ಡಾಕ್ಟ್ರೇ?" ನಿಲ್ದಾ ಕೇಳಿದಳು. "ಹೇಳ್ಬಿಡಿ. ನಮ್ಮಣ್ಣನೂ ಕೇಳಿಸ್ಕೊಳ್ಳಲಿ."

"ಅಲ್ಲ. ಆ ಲಸಿಕೆಗೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮಮ್ಮನಿಗೆ ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದಿತ್ತಾ?"

"ಯಾರಿಗೆ ಬಂದಿರಲ್ಲ?"

"ಆ ವೈರಸ್ ಅವತ್ತೇ ಹೋಗಲಿಲ್ಲ. ನರದ ಬುಡದಲ್ಲಿ ಸುಮ್ಮನೆ ಮಲಗಿರುತ್ತೆ, ಅರವತ್ತು ವರ್ಷವಾದ್ರೂ ಸರಿ. ವಯಸ್ಸಾಗಿ ಮೈಯ ಕಾವಲು ಸಡಿಲ ಆದಾಗ ಏಳುತ್ತೆ. ಸೊಂಟದಲ್ಲಿ ಎದ್ದರೆ ಸರ್ಪಸುತ್ತು ಅಂತೀರಿ. ಹಣೆಯಲ್ಲಿ ಎದ್ದರೂ ಅದೇ. ಹಣೆಯ ಆ ನರ ಮೆದುಳಿನ ರಕ್ತನಾಳಗಳಿಗೂ ಹೋಗುತ್ತೆ. ಅದಕ್ಕೇ ಮುಖದಲ್ಲಿ ಬಂದವರಿಗೆ ಆಮೇಲಿನ ತಿಂಗಳುಗಳಲ್ಲಿ ಪಾರ್ಶ್ವವಾಯುವಿನ ಭಯ ಜಾಸ್ತಿ."

"ಮರೆವು?" ಎಂದ ವಿಲ್ಮಾರ್. "ಮರೆವೂ ಅದರಿಂದಲೇನಾ?"

ಡಾಕ್ಟರ್ ಚಿತ್ರವನ್ನು ಮೇಜಿನ ಮೇಲಿಟ್ಟರು. "ಪಾರ್ಶ್ವವಾಯುವಿನಿಂದ ಮರೆವು ಬರುತ್ತೆ. ಈ ಪಾರ್ಶ್ವವಾಯು ಆ ವೈರಸ್ಸಿನಿಂದಲೇ ಆಯ್ತು ಅಂತ ನಾನು ಪ್ರಮಾಣ ಮಾಡಲಾರೆ. ನಿಮ್ಮಮ್ಮನಿಗೆ ಬಿಪಿ ಇದೆ, ವಯಸ್ಸಿದೆ. ಸರ್ಪಸುತ್ತಿನ ಲಸಿಕೆ ಹಾಕಿಸಿಕೊಂಡವರಲ್ಲಿ ಮರೆವಿನ ಕಾಯಿಲೆ ಸ್ವಲ್ಪ ಕಮ್ಮಿ ಅಂತ ಕೆಲವು ದೇಶಗಳಲ್ಲಿ ಕಂಡುಕೊಂಡಿದಾರೆ. ಯಾಕೆ ಅಂತ ಇನ್ನೂ ಹುಡುಕ್ತಿದಾರೆ. ಇಷ್ಟೇ ನನಗೆ ಗೊತ್ತಿರೋದು."

ಆ ಲಸಿಕೆ ಸುಲ್ಮಾಳ ತಂಪುಪೆಟ್ಟಿಗೆಯಲ್ಲಿ ಎಂದೂ ಇರಲಿಲ್ಲ; ಸರ್ಕಾರ ಹಾಕಿಸುವ ಲಸಿಕೆಗಳ ಸಾಲಿನಲ್ಲಿ ಅದು ಸೇರಿರಲಿಲ್ಲ.

"ಮೊದಲನೇ ದಿನವೇ ಬಂದಿದ್ರೆ?" ಎಂದ ವಿಲ್ಮಾರ್.

"ಕಣ್ಣಿಗೆ ಒಳ್ಳೆಯದಾಗ್ತಿತ್ತು. ಮಿಕ್ಕಿದ್ದು ಹೇಳಲಾರೆ. ಯಾರೂ ಹೇಳಲಾರರು."

ಯಾರೂ ಹೇಳಲಾರದ ಆ ಮಾತೇ ನಿಲ್ದಾಳಿಗೆ ಎಲ್ಲಕ್ಕಿಂತ ಕಷ್ಟದ್ದಾಗಿತ್ತು. ಮಸಿ ಬಳಿದ ಕೈ ಅವಳದು. ಸೂಜಿಯೇ ಕಾರಣ ಎಂದು ಡಾಕ್ಟರ್ ಹೇಳಿದ್ದರೆ ಆ ಕೈ ತೊಳೆದುಹೋಗುತ್ತಿತ್ತು. ಹೊರಗೆ ಬಂದವಳೇ ಸುಲ್ಮಾಳ ಮುಖಕ್ಕೆ ಮುಖ ತಂದು, "ನಿಮ್ಮ ನಿಮ್ಮವರೇ ಒಬ್ಬರನ್ನೊಬ್ರು ಕಾಪಾಡ್ಕೊಳ್ತೀರಿ. ಶುಭ ಶುಕ್ರವಾರ ಅಮ್ಮನ ಮಾತು ನನಗೆ ಬರುತ್ತೆ. ಆಮೇಲೆ ನೋಡು, ಈ ಊರಲ್ಲಿ ನಿನ್ನ ಬಿಳಿ ಕೋಟಿಗೆ ಎಷ್ಟು ಬೆಲೆ ಅಂತ," ಎಂದಳು. ಸುಲ್ಮಾ ಬಸ್ಸಿನ ಕಿಟಕಿಗೆ ತಲೆ ಆನಿಸಿ, 'ಮೊದಲನೇ ದಿನ ಇನ್ನೊಮ್ಮೆ ಹೇಳಿದ್ದರೆ?' ಎಂದು ತನ್ನನ್ನೇ ಕೇಳಿಕೊಳ್ಳುತ್ತ ಮನೆ ಸೇರಿದಳು.

ಮಾತು ನಿಲ್ದಾಳಿಗೆ ಹೋಗುವುದು ಸಹಜವೇ ಆಗಿತ್ತು. ಹುಟ್ಟಿದಾಗಿನಿಂದ ಅವಳು ಅದಕ್ಕಾಗಿ ಕಾದಿದ್ದಳು. ಗಂಡ ಬಿಟ್ಟುಹೋದಾಗ, ತನ್ನ ಪುಟ್ಟ ಅಂಗಡಿ ಮುಚ್ಚಿದಾಗ, 'ನನಗೊಂದು ದಿನ ಅದು ಸಿಗುತ್ತದೆ' ಎಂಬ ಒಂದು ಆಸೆಯೇ ಅವಳನ್ನು ನಿಲ್ಲಿಸಿತ್ತು. ಸುಲ್ಮಾಳಿಗೆ ಅದು ಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ: ಆ ದಿನ ಬರುವ ತನಕ ಅತ್ತೆಯ ತಲೆಯಲ್ಲಿ ಆ ಮಾತು ಉಳಿಯಲಿ. ಇಷ್ಟು ವರ್ಷ ಅದನ್ನು ಹಾಸ್ಯ ಮಾಡಿದ್ದವಳು, ಈಗ ಬಿಪಿಯ ಮಾತ್ರೆಯನ್ನು ತಾನೇ ಕೈಯಾರೆ ನುಂಗಿಸಿ, ಮುದುಕಿಯ ಜೊತೆ ಅಂಗಳದಲ್ಲಿ ಹೆಜ್ಜೆ ಹಾಕುತ್ತಿದ್ದಳು. ತುಟಿ ಅಲುಗುವುದು ನಿಂತರೆ ಅವಳೆದೆಯೂ ನಿಲ್ಲುತ್ತಿತ್ತು.

"ಯಾಕೆ ನನ್ನ ಹಿಂದೆ ಹಿಂದೆ ಬರ್ತೀಯ ಸೂಜಿ? ಚುಚ್ಚೋಕಾ?"

"ಬಿದ್ದುಗಿದ್ದೀರಿ ಅಂತ."

"ನಾನು ಬಿದ್ರೆ ನಿನಗೆ ಮನೆ ಸಿಗುತ್ತಲ್ಲ."

"ಈ ಸೋರೋ ಮನೆ ಯಾರಿಗೆ ಬೇಕು ಅತ್ತೆ? ನೀವೇ ಇಟ್ಕೊಳ್ಳಿ."

ಎತೆಲ್ವಿನಾ ನಕ್ಕಳು. ಎಷ್ಟೋ ದಿನಗಳ ಮೇಲೆ. ನಂತರ ನಿಂತು, ಹಣೆಯನ್ನು ಅಂಗೈಯಿಂದ ಒತ್ತಿಕೊಂಡು, ಬೇಲಿಯಾಚೆ ನೋಡುತ್ತ ಉಳಿದಳು.

ಶುಭ ಶುಕ್ರವಾರ ಬರುವ ವಾರಕ್ಕೆ ಸರ್ಕಾರಿ ಕ್ಯಾಲೆಂಡರಿನಲ್ಲಿ ಪ್ರವಾಸ ವಾರವೆಂದು ಹೆಸರು. ರಾಜಧಾನಿಯಿಂದ ಬಂದವರು ಬಿಸಿನೀರಿನ ಬುಗ್ಗೆಗಳಲ್ಲಿ ಮುಳುಗೇಳುತ್ತಿದ್ದರು. ಎತೆಲ್ವಿನಾಳ ಮನೆಯಲ್ಲಿ ಮಾತ್ರ ಅದು ಪವಿತ್ರ ವಾರವಾಗಿಯೇ ಉಳಿದಿತ್ತು. ಶುಭ ಶುಕ್ರವಾರ ಬೆಳಿಗ್ಗೆಯೇ ನಿಲ್ದಾ ಕಪ್ಪು ಉಡುಪು ತೊಟ್ಟು, ತಲೆ ಬಾಚಿ, ಮೀನಿನ ಕಡುಬು ಮಾಡಿಕೊಂಡು ಬಂದಳು. ತಾಯಿಯ ಕೋಣೆಯ ಮುಂದೆ ಕುರ್ಚಿ ಹಾಕಿ ಕೂತಳು. ಪದೇ ಪದೇ ಎದ್ದು ಅಂಗಳದ ನೆರಳನ್ನು ನೋಡಿ ಬರುತ್ತಿದ್ದಳು. ನೆರಳು ಗೋಡೆಯ ಬುಡಕ್ಕೆ ಸರಿಯುತ್ತಿತ್ತು. ವಿಲ್ಮಾರ್ ಒಲೆಯ ಮುಂದೆ ನಿಂತು, ಕುದಿದು ಬತ್ತಿದ ನೀರಿಗೆ ಮತ್ತೆ ಮತ್ತೆ ನೀರು ಸುರಿಯುತ್ತಿದ್ದ.

ಬಾಗಿಲು ತೆರೆಯಿತು. ಎತೆಲ್ವಿನಾ ಚೊಕ್ಕ ಬಟ್ಟೆ ಉಟ್ಟಿದ್ದಳು. ನಿಲ್ದಾ ಎದ್ದು ಎರಡು ಹೆಜ್ಜೆ ಮುಂದಿಟ್ಟಳು.

"ನೀನಲ್ಲ," ಎಂದಳು ತಾಯಿ. "ಸುಲ್ಮಾ. ಒಳಗೆ ಬಾ."

ಹೆಸರು ಹಿಡಿದು ಕರೆದದ್ದನ್ನು ಕೇಳಿ ಸುಲ್ಮಾ ಅಡುಗೆಮನೆಯಿಂದ ಈಚೆ ಬಂದಳು.

"ಅಮ್ಮಾ, ನಾನು... ನಾನು ನಿಲ್ದಾ," ಎಂದಳು ಮಗಳು. ತಾಯಿ ಗುರುತು ತಪ್ಪಿದಳೆಂದು ಅವಳು ತಿಳಿದಿದ್ದಳು.

"ನೀನು ಯಾರು ಅಂತ ಗೊತ್ತು ಕಣೇ. ಕೂತ್ಕೋ."

ಒಳಗೆ ಬಾಗಿಲು ಮುಚ್ಚಿಕೊಂಡಿತು. ಮುದುಕಿ ಹಾಸಿಗೆಯ ಅಂಚಿನಲ್ಲಿ ಕೂತು ಸೊಸೆಯನ್ನು ಪಕ್ಕಕ್ಕೆ ಎಳೆದುಕೊಂಡಳು. ಬಾಯನ್ನು ಅವಳ ಕಿವಿಗೆ ತಂದಳು. ಬಿಸಿಯುಸಿರು ಬಂತು, ಮಾತು ಬರಲಿಲ್ಲ. ಮತ್ತೆ ಉಸಿರು. ಸುಲ್ಮಾ ಕಣ್ಣು ಮುಚ್ಚಿ ಕಾದಳು. ನಂಬದವಳು ನಂಬುವವರಿಗಿಂತ ಹೆಚ್ಚು ಬೇಡಿಕೊಂಡಳು... ಬರಲಿ, ಒಂದು ಸಾಲಾದರೂ ಬರಲಿ.

"ಇಲ್ಲ," ಎಂದಳು ಎತೆಲ್ವಿನಾ. "ಒಂದೂ ಇಲ್ಲ. ಹುಡುಕಿ ಹುಡುಕಿ ಸಾಕಾಯ್ತು."

"ನಿಧಾನ ಅತ್ತೆ. ಇನ್ನೂ ಹೊತ್ತಿದೆ."

"ಕ್ರಿಸ್‌ಮಸ್ ಹೊತ್ತಿಗೇ ಹೋಗಿತ್ತು. ಸುಮ್ಮನೆ ತುಟಿ ಆಡಿಸ್ತಿದ್ದೆ. ಬಂದವರು ಕೂತಿರ್ತಾರಲ್ಲ, ಏನ್ಮಾಡ್ಲಿ?" ಅವಳ ಮಂಜುಗಣ್ಣಿನಿಂದ ನೀರು ಇಳಿಯಿತು. "ಇವತ್ತಾದ್ರೂ ಬರಬಹುದು ಅಂತ ಇದ್ದೆ. ಈ ದಿನಕ್ಕಾದ್ರೂ ಬರುತ್ತೆ ಅಂತ..."

ಸುಲ್ಮಾ ಅವಳ ಕೈ ಹಿಡಿದುಕೊಂಡಳು.

"ನಿಲ್ದಾನ ಕರೆಯಲಿಲ್ಲ ಯಾಕೆ ಗೊತ್ತಾ? ಅವಳು ಇದನ್ನ ತಡ್ಕೊಳ್ಳಲ್ಲ. ಬರಿಗೈಲಿ ಹೊರಗೆ ಹೋಗಿ ಎದೆ ಬಡ್ಕೊಂಡು ಅಳ್ತಾಳೆ, ಊರಿಗೆಲ್ಲ ಗೊತ್ತಾಗುತ್ತೆ. 'ಎತೆಲ್ವಿನಾ ಅದನ್ನ ಕಳ್ಕೊಂಡ್ಳು' ಅಂತಾರೆ. ಆಮೇಲೆ 'ಕಳೀತು ಯಾಕೆ, ಮಸಿ ಬಳಿದೋಳು ಯಾರು' ಅಂತಾನೂ ಅಂತಾರೆ. ಅವಳು ಬದುಕಲ್ಲ ಕಣೇ. ನೀನು ಗಟ್ಟಿ. ನಿನಗೆ ಇದು ಬೇಕೂ ಇರ್ಲಿಲ್ಲ."

"ನಾನು ಹೊರಗೆ ಹೋಗಿ ಏನು ಹೇಳ್ಲಿ?"

"ಸಿಕ್ತು ಅನ್ನು."

"ಅತ್ತೆ, ನಾನು ಲಸಿಕೆ ಹಾಕೋಳು. ನಾಳೆ ಜನ ಬಂದು ಕೂರ್ತಾರೆ."

"ಕೂರಲಿ. ಶಿಲುಬೆ ಹಾಕೋದು ನೋಡಿದೀಯಲ್ಲ. ನಿನ್ನ ಆ ಮಾತ್ರೆ... ಗೇಟಿನಲ್ಲಿ ನಿಂತು ಎಲ್ಲರಿಗೂ ಹೇಳ್ತಿದ್ದೆಯಲ್ಲ, ನನಗೆ ಕೇಳ್ತಿತ್ತು. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಈಗ ಹಾಕ್ಕೊಳ್ತಾರೆ." ಅವಳು ಸೊಸೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. "ನಿಲ್ದಾ ನಿನ್ನ ಬೈತಾಳೆ. ಬದುಕಿರೋವರೆಗೂ ಬೈತಾಳೆ. ಬೈಸ್ಕೋತೀಯಾ?"

ಸುಲ್ಮಾ ಹ್ಞೂಂ ಎಂದು ತಲೆಯಾಡಿಸಿದಳು.

ಹೊರಗೆ ಬಂದಾಗ ಅಂಗಳದಲ್ಲಿ ನೆರಳೇ ಇರಲಿಲ್ಲ. ನಿಲ್ದಾ ಕುರ್ಚಿಯ ಬೆನ್ನನ್ನು ಹಿಡಿದು ನಿಂತಿದ್ದಳು.

"ಸಿಕ್ತಾ?"

ಅತ್ತಿಗೆಯ ಆ ಒಂದು ಮಾತಿನ ಮೇಲೆ ನಿಲ್ದಾಳ ಬದುಕು ನಿಂತಿತ್ತು. ಇಲ್ಲವೆಂದರೆ ತಾಯಿ ಬರಿದಾದಳು, ಬರಿದು ಮಾಡಿದ್ದು ತಾನು. ಹೌದೆಂದರೆ ತಾನು ಮೋಸಹೋದವಳು. ಮೋಸಹೋದವರು ದ್ವೇಷದ ಬಲದ ಮೇಲಾದರೂ ಬದುಕಿಕೊಳ್ಳುತ್ತಾರೆ.

"ಸಿಕ್ತು," ಎಂದಳು ಸುಲ್ಮಾ.

"ಪೂರ್ತಿ?"

"ಪೂರ್ತಿ."

ನಿಲ್ದಾ ಕುರ್ಚಿ ಬಿಟ್ಟು ಮುಂದೆ ಬಂದಳು. "ಅಣ್ಣನ್ನ ಕಿತ್ಕೊಂಡೆ. ಮನೆ ಕಿತ್ಕೊಂಡೆ. ಅಮ್ಮನ ತಲೆ ಕೆಟ್ಟ ಸಮಯ ನೋಡಿ, ಪಕ್ಕದಲ್ಲೇ ಓಡಾಡಿ ಓಡಾಡಿ, ಅಮ್ಮನ ಬಾಯಲ್ಲಿದ್ದದ್ದನ್ನೂ ಕಿತ್ಕೊಂಡೆಯಲ್ಲ..." ಎಂದಳು, ತೀರ ತಗ್ಗಿದ ದನಿಯಲ್ಲಿ. "ಅದು ನಿನ್ನ ಗಂಟಲಲ್ಲಿ ಹುಳವಾಗಲಿ." ಕಡುಬಿನ ತಟ್ಟೆಯನ್ನು ಅಲ್ಲೇ ಬಿಟ್ಟು ಗೇಟು ದಾಟಿ ಹೋದಳು.

ವಿಲ್ಮಾರ್ ಹೆಂಡತಿಯ ಹತ್ತಿರ ಬಂದು ನಿಂತ. "ನಿನಗೆ ಯಾಕೆ ಕೊಟ್ಲು?" ಎಂದು ಕೇಳಿದ. ಅವನ ಕಣ್ಣಿನಲ್ಲಿಯೂ ತಂಗಿಯ ಅನುಮಾನದ ಒಂದು ಎಳೆ ಇತ್ತು. ಅವನಿಗಾದರೂ ಹೇಳಬಹುದಿತ್ತು. ಹೇಳಿದರೆ ತಂಗಿಯ ಕಣ್ಣೀರು ಕಂಡ ಮೊದಲ ದಿನವೇ ಅವನು ಬಾಯಿಬಿಡುತ್ತಾನೆಂದು ಅವಳಿಗೆ ಗೊತ್ತಿತ್ತು.

"ಗೊತ್ತಿಲ್ಲ," ಎಂದಳು. "ತಟ್ಟೆ ಒಳಗೆ ತಗೊಂಡು ಹೋಗು, ನೊಣ ಕೂರುತ್ತೆ."

ಈಸ್ಟರ್ ಕಳೆದು ಸೋಮವಾರವೇ ಒಬ್ಬ ಹೆಂಗಸು ಬಂದಳು, ಎದೆಯ ಕೆಳಗೆ ಬೊಕ್ಕೆ ಎದ್ದಿದ್ದವಳು. ಸುಲ್ಮಾ ಕೋಟು ಬಿಚ್ಚಿಟ್ಟು ನಿಬ್ಬನ್ನು ಮಸಿಯಲ್ಲಿ ಅದ್ದಿದಳು. ತುಟಿ ಅಲುಗಬೇಕು, ಆದರೆ ಅಲುಗಿಸಲು ಅವಳ ಬಳಿ ಏನಿತ್ತು? ಅವಳಿಗೆ ಕಂಠಪಾಠವಾಗಿದ್ದದ್ದು ಮಾತ್ರೆ ನುಂಗುವ ಲೆಕ್ಕ ಒಂದೇ. ಅದನ್ನೇ ಸದ್ದಿಲ್ಲದೆ ಹೇಳಿಕೊಂಡಳು. ದಿನಕ್ಕೆ ಐದು ಸಲ, ಏಳು ದಿನ, ನೀರು ಹೆಚ್ಚು ಕುಡಿಯಬೇಕು... ದಿನಕ್ಕೆ ಐದು ಸಲ, ಏಳು ದಿನ... ಒಂದೊಂದು ಸಲಕ್ಕೆ ಒಂದೊಂದು ಶಿಲುಬೆ ಬಿತ್ತು.

"ಈಗ ನೇರ ಆರೋಗ್ಯ ಕೇಂದ್ರಕ್ಕೆ ಹೋಗಿ. ಇವತ್ತೇ ಮಾತ್ರೆ ಶುರುವಾಗ್ಬೇಕು. ಮಾತ್ರೆ ತಗೊಳ್ದಿದ್ರೆ ಗೆದ್ದದ್ದು ನಿಲ್ಲಲ್ಲ."

"ನಿಲ್ಲಲ್ವಾ? ಹಾಗಾದ್ರೆ ಈಗಲೇ ಹೋಗ್ತೀನಿ," ಎಂದು ಹೆಂಗಸು ಗುಂಡಿ ಹಾಕಿಕೊಳ್ಳುತ್ತಲೇ ಓಡಿದಳು. ಗೇಟಿನಲ್ಲಿ ನಿಂತು ಬೇಡಿಕೊಂಡ ಅಷ್ಟು ವರ್ಷಗಳಲ್ಲಿ ಸುಲ್ಮಾಳ ಮಾತಿಗೆ ಹೀಗೆ ಯಾರೂ ಓಡಿರಲಿಲ್ಲ. ಅವಳಿಗೆ ಸಂತೋಷವಾಗಲಿಲ್ಲ. ಕುರ್ಚಿ ಹಿಡಿದುಕೊಂಡು ಕೂತಳು.

ಕೇಂದ್ರದಲ್ಲಿ ಜೊತೆಯವರು ನಗಾಡಿದರು. "ಏನಮ್ಮಾ, ಸೂಜಿಗೂ ಮಂತ್ರ ಹಾಕ್ತೀಯಾ?" ಎಂದರು. ಡಾಕ್ಟರ್ ಬೆಂತಾಂಕೋರ್ ಒಮ್ಮೆ ಅವಳನ್ನು ಒಳಗೆ ಕರೆದು, "ಈಗೀಗ ಮಸಿ ಒಣಗೋಕೆ ಮುಂಚೆ ಬರ್ತಿದಾರೆ. ಮುಖದಲ್ಲಿ ಬಂದವರೂ ಬರ್ತಿದಾರೆ," ಎಂದಷ್ಟೇ ಹೇಳಿದರು. ಮುಖದಲ್ಲಿ ಬಂದದ್ದೂ ಹಾವೇ, ಅದು ಇನ್ನೂ ಕೆಟ್ಟ ಹಾವು, ಅದಕ್ಕೆ ಮಸಿ ಮುಟ್ಟಿಸಲೇಬಾರದು ಎಂಬುದು ಈಗ ಊರಿನ ಹೆಂಗಸರ ಬಾಯಲ್ಲಿ ನಿಯಮವಾಗಿ ಓಡಾಡುತ್ತಿತ್ತು. ಅದನ್ನು ಗೆಲ್ಲುವವಳೇ ಹೇಳಿದ್ದಳಲ್ಲ.

ನಿಲ್ದಾ ಆ ಮನೆಯ ಹೊಸಿಲು ತುಳಿಯಲಿಲ್ಲ. ಭಾನುವಾರಗಳಲ್ಲಿ ಗೇಟಿನ ಹೊರಗೆ ನಿಂತು ತಾಯಿಗೆ ಊಟ ಕೊಡುತ್ತಿದ್ದಳು. ಸುಲ್ಮಾ ಕಂಡರೆ ನೆಲಕ್ಕೆ ಉಗಿಯುತ್ತಿದ್ದಳು. ಆದರೆ ಅವಳು ಮತ್ತೆ ಅಂಗಡಿ ತೆರೆದಿದ್ದಳು, ಮೈ ತುಂಬಿಕೊಂಡಿದ್ದಳು, ಊರೆಲ್ಲ ಓಡಾಡಿ ಅತ್ತಿಗೆಯನ್ನು ಜರೆಯುವ ಹುರುಪು ಅವಳಲ್ಲಿತ್ತು. ಸುಲ್ಮಾ ಒಳಗಿನಿಂದ ಅದನ್ನು ನೋಡಿ, ಬಾಗಿಲು ಮೆಲ್ಲಗೆ ಮುಂದೆ ಮಾಡುತ್ತಿದ್ದಳು.

ಎತೆಲ್ವಿನಾಳ ಓಡಾಟ ಮಾತ್ರ ನಿಂತಿತು. ಹುಡುಕುವುದೇನೆಂಬುದೂ ಮರೆತ ಮೇಲೆ ಅವಳು ಶಾಂತಳಾದಳು. ಮತ್ತೊಂದು ಚಳಿಗಾಲ ಬರುವ ಹೊತ್ತಿಗೆ, ಬೆಳಿಗ್ಗೆ ಕಾಯಲು ಬಂದವರ ಸಾಲಿನಲ್ಲಿ ತಾನೂ ಒಬ್ಬಳಾಗಿ ಬಂದು ಕೂರತೊಡಗಿದಳು. ಒಂದು ದಿನ ಎಲ್ಲರೂ ಹೋದ ಮೇಲೆ ತನ್ನ ಸರದಿ ಬಂತೆಂದು ಎದ್ದು, ಒಳಗೆ ಬಂದು, ಕುರ್ಚಿಯಲ್ಲಿ ಕೂತು, ಹಣೆಯ ಮೇಲಿನ ನರೆಗೂದಲನ್ನು ಮೇಲೆತ್ತಿದಳು.

"ಇಲ್ಲಿ ಉರಿಯುತ್ತೆ ಮಗಳೇ. ಬಹಳ ದಿನ ಆಯ್ತು. ನೀನು ಗೆಲ್ತೀಯ ಅಂತ ಹೊರಗೆ ಹೇಳ್ತಿದ್ರು."

ಸುಲ್ಮಾ ಮಸಿಯ ಬಾಟಲಿಯನ್ನು ಮುಚ್ಚಿ ಪಕ್ಕಕ್ಕಿಟ್ಟಳು. ಒದ್ದೆ ಬಟ್ಟೆಯನ್ನು ಹಿಂಡಿ, ಆ ಉರಿಯುವ ಜಾಗದ ಮೇಲೆ ಹಗುರವಾಗಿ ಇಟ್ಟಳು. ಮುದುಕಿ ಕಣ್ಣು ಮುಚ್ಚಿದಳು.

"ತಣ್ಣಗಿದೆ. ನಿನಗೆ ಇದನ್ನೆಲ್ಲ ಯಾರು ಕಲಿಸಿದ್ದು?"

"ನಮ್ಮತ್ತೆ."

"ಒಳ್ಳೆಯವಳಾ?"

ಸುಲ್ಮಾ ಬಟ್ಟೆಯನ್ನು ತಿರುವಿ ಹಾಕಿದಳು. "ಬಾಯಿ ಸ್ವಲ್ಪ ಜೋರು."

"ಅತ್ತೆ ಅಂದ ಮೇಲೆ ಇರುತ್ತೆ ಬಿಡು," ಎಂದಳು ಎತೆಲ್ವಿನಾ, ಕಣ್ಣು ಮುಚ್ಚಿಕೊಂಡೇ ನಗುತ್ತ. "ಚೆನ್ನಾಗಿ ನೋಡ್ಕೋ ಅವಳನ್ನ."

"ನೋಡ್ಕೋತೀನಿ," ಎಂದಳು ಸುಲ್ಮಾ. "ತಲೆ ಅಲ್ಲಾಡಿಸಬೇಡಿ."